ಮಣ್ಣು, ಗೊಬ್ಬರ ಸಾಣಿಸಲು ಮನೆಯಲ್ಲೇ ಜರಡಿ: ಕಣ್ಣು ಎಷ್ಟಿರಬೇಕು, ಹದ ಹೇಗಿರಬೇಕು?

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಈ ಸಲ ಸುಮಾರು 500 ಅಡಿಕೆ ಸಸಿ, 300 ಕಾಳುಮೆಣಸಿನ ಬಳ್ಳಿ ಪಾಲಿಥೀನ್ ಚೀಲದಲ್ಲಿ ಬೆಳೆಸಿಕೊಳ್ಳಬೇಕು ಅಂತಿದ್ದೇವೆ. ಕೊಟ್ಟಿಗೆ ಗೊಬ್ಬರ ಇದೆ, ಸ್ವಲ್ಪ ಎರೆಗೊಬ್ಬರವೂ ಇದೆ. ಗಾರೆ ಕೆಲಸದವರ ಮರಳು ಜರಡಿ ತಂದು ನೋಡಿದೆವು. ಗೊಬ್ಬರ ಮುದ್ದೆಯಾಗಿ ಜಾಲರಿಗೆ ಮೆತ್ತಿಕೊಳ್ಳುತ್ತೆ, ಕೆಳಗೆ ಬೀಳೋದೇ ಇಲ್ಲ. ವಿಡಿಯೊಗಳಲ್ಲಿ ಮೋಟರ್ ಹಾಕಿದ ಡ್ರಮ್ ಜರಡಿ ತೋರಿಸುತ್ತಾರೆ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾ? ಯಾವ ಅಳತೆಯ ಮೆಶ್ ತರಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಕೆಲಸಕ್ಕೆ ಮೋಟರ್ ಬೇಡ, ಡ್ರಮ್ಮೂ ಬೇಡ. ಕೊಟ್ಟಿಗೆಯ ತೊಲೆಗೆ ನೇತುಹಾಕುವ ಒಂದು ತೂಗು ಜರಡಿ ಸಾಕು. ಆದರೆ ಗೊಬ್ಬರ ಈಗಿರುವ ಹಾಗೇ ಇದ್ದರೆ ಆ ಜರಡಿಗೂ ಮೆತ್ತಿಕೊಳ್ಳುತ್ತೆ, ಸಾವಿರಾರು ರೂಪಾಯಿಯ ಡ್ರಮ್ಮಿಗೂ ಮೆತ್ತಿಕೊಳ್ಳುತ್ತೆ. ನಿಮ್ಮ ತೊಂದರೆ ಜರಡಿಯದ್ದಲ್ಲ, ತೇವದ್ದು. ಅದನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಡ್ರಮ್ ಯಾಕೆ ಬೇಡ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. ಅಡಿಕೆ ಸಸಿಗೆ ಸಾಮಾನ್ಯವಾಗಿ 25 × 15 ಸೆಂ.ಮೀ. ಚೀಲ ಬಳಸುತ್ತಾರೆ. 15 ಸೆಂ.ಮೀ. ಅಗಲದ ಚೀಲಕ್ಕೆ ಮಣ್ಣು ತುಂಬಿದಾಗ ಅದರ ವ್ಯಾಸ 9.5 ಸೆಂ.ಮೀ. ಆಗುತ್ತೆ. ಮೇಲೆ ನೀರಿಗೆ ಎರಡು ಬೆರಳಿನಷ್ಟು ಜಾಗ ಬಿಟ್ಟರೆ ಒಂದು ಚೀಲಕ್ಕೆ ಸುಮಾರು 1.6 ಲೀಟರ್ ಮಿಶ್ರಣ ಹಿಡಿಯುತ್ತೆ. 500 ಚೀಲಕ್ಕೆ 800 ಲೀಟರ್. ಮೆಣಸಿನ ಚೀಲ ಚಿಕ್ಕದು, ಒಂದಕ್ಕೆ ಅರ್ಧ ಲೀಟರ್ ಚಿಲ್ಲರೆ. 300ಕ್ಕೆ 165 ಲೀಟರ್ ಅಂದುಕೊಳ್ಳಿ. ಎಲ್ಲ ಸೇರಿ ಸುಮಾರು 1,000 ಲೀಟರ್, ಅಂದರೆ ಒಂದು ಘನ ಮೀಟರ್. ಮಿಶ್ರಣ ಹದವಾಗಿದ್ದರೆ ಇಬ್ಬರು ಸೇರಿ ತೂಗು ಜರಡಿಯಲ್ಲಿ ಎರಡು ಮೂರು ದಿನದೊಳಗೆ ಮುಗಿಸಬಹುದು. ವರ್ಷಕ್ಕೊಮ್ಮೆ ಬರುವ ಈ ಕೆಲಸಕ್ಕೆ ಮೋಟರ್ ಕೊಂಡು ತುಕ್ಕು ಹಿಡಿಸುವುದು ಯಾಕೆ, ಅಲ್ವಾ?

ಇಷ್ಟನ್ನೇ ಸಾಣಿಸಬೇಕು ಅನ್ನುವುದನ್ನೂ ಗಮನಿಸಿ. ತೋಟದ ಮರಗಳ ಬುಡಕ್ಕೆ ಹಾಕುವ ಗೊಬ್ಬರಕ್ಕೆ ಜರಡಿ ಹಿಡಿಯುವುದು ಸುಮ್ನೆ ಕೂಲಿ ದಂಡ. ಅಲ್ಲಿ ಅರೆಕೊಳೆತ ಕಡ್ಡಿ, ಸೋಗೆ ಚೂರು, ನಾರು ಇದ್ದರೆ ಒಳ್ಳೆಯದೇ. ಮಣ್ಣಿನ ಮೇಲೆ ಹೊದಿಕೆಯಾಗಿ ನಿಂತು ನಿಧಾನಕ್ಕೆ ಕೊಳೆಯುತ್ತೆ. ಜರಡಿ ಬೇಕಾಗುವುದು ಚೀಲ, ಟ್ರೇ, ಕುಂಡ, ಬೀಜದ ಮಡಿ ಇಷ್ಟಕ್ಕೆ ಮಾತ್ರ. ಮಾರಾಟ ಮಾಡುವುದಾದರೆ ಮಾತು ಬೇರೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮಾರುವ ಎರೆಗೊಬ್ಬರದಲ್ಲಿ ಕನಿಷ್ಠ ಶೇ. 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ತೇವಾಂಶ ಶೇ. 15ರಿಂದ 25ರೊಳಗೆ ಇರಬೇಕು. ಸ್ವಂತಕ್ಕೆ ಬಳಸುವವರಿಗೆ ಅಷ್ಟು ನುಣ್ಣಗೆ ಬೇಕಿಲ್ಲ. ಆದರೆ ಆ ತೇವಾಂಶದ ಅಂಕಿಯನ್ನು ನೆನಪಿಟ್ಟುಕೊಳ್ಳಿ, ನಮಗೆ ಬಹಳ ಉಪಯೋಗಕ್ಕೆ ಬರುತ್ತೆ.

ಹದ ನೋಡುವುದು ಹೀಗೆ. ಒಂದು ಹಿಡಿ ಗೊಬ್ಬರ ತೆಗೆದುಕೊಂಡು ಗಟ್ಟಿಯಾಗಿ ಹಿಸುಕಿ, ಕೈ ಬಿಚ್ಚಿ. ನೀರು ಜಿನುಗಿದರೆ ಅದರ ತಂಟೆಗೇ ಹೋಗಬೇಡಿ. ಉಂಡೆ ಗಟ್ಟಿಯಾಗಿ ನಿಂತು, ಬೆರಳಿಗೆ ಅಂಟಿದರೆ ಇನ್ನೂ ಹಸಿ. ಕೈ ಬಿಚ್ಚಿದಾಗ ಉಂಡೆ ಒಂದು ಕ್ಷಣ ನಿಂತು, ಹೆಬ್ಬೆರಳು ತಾಕಿಸಿದರೆ ಪುಡಿಪುಡಿಯಾಗಿ ಉದುರಬೇಕು. ಅದೇ ಜರಡಿಯ ಹದ. ಮುಟ್ಟುವ ಮೊದಲೇ ಉದುರಿ, ಅಂಗೈ ಮೇಲೆ ಧೂಳು ಉಳಿದರೆ ಜಾಸ್ತಿ ಒಣಗಿದೆ ಅಂತ. ಅಂಕಿ ಬೇಕು ಅನ್ನುವವರು 1 ಕಿಲೋ ತೂಗಿ, ತೆಳ್ಳಗೆ ಹರಡಿ, ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಿನಲ್ಲಿ ಒಣಗಿಸಿ. 200 ಗ್ರಾಂ ಕಡಿಮೆಯಾದರೆ ತೇವ ಸುಮಾರು ಶೇ. 20 ಇತ್ತು ಅಂತಾಯ್ತು. ಅದು ಸರಿಯಾದ ಹದ.

ಗುಂಡಿಯಿಂದ ಅಗೆದ ಗೊಬ್ಬರ ಯಾವತ್ತೂ ಈ ಹದದಲ್ಲಿ ಇರುವುದಿಲ್ಲ. ಸಾಗರದ ಕಡೆಯಂತೂ ಮಳೆ ಹೋಗಿ ತಿಂಗಳುಗಳಾದರೂ ಗುಂಡಿಯ ತಳದಲ್ಲಿ ಗೊಬ್ಬರ ತೊಪ್ಪೆ ತೊಪ್ಪೆಯಾಗೇ ಇರುತ್ತೆ. ಅದಕ್ಕೇ ಹೇಳುವುದು, ಈ ಕೆಲಸ ಜನವರಿಯಿಂದ ಮಾರ್ಚ್‌ವರೆಗೆ ಮುಗಿಸಿಕೊಳ್ಳಿ. ಅಡಿಕೆ ಒಣಗಿಸಿ ಅಂಗಳ ಖಾಲಿಯಾಗುವ ಹೊತ್ತೂ ಅದೇ. ಗೊಬ್ಬರವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಮೂರು ಇಂಚು ದಪ್ಪಕ್ಕೆ ಹರಡಿ. ಬೆಳಿಗ್ಗೆ ಸಂಜೆ ಕೈಯಾಡಿಸಿ. ಹೆಂಟೆಗಳನ್ನು ಹಸಿಯಿದ್ದಾಗಲೇ ಸಲಿಕೆಯ ಬೆನ್ನಿನಿಂದ ಒಡೆದುಬಿಡಿ. ಒಣಗಿದ ಮೇಲೆ ಅವು ಕಲ್ಲಾಗುತ್ತವೆ. ಬಿಸಿಲಿನಲ್ಲಿ ಪೂರ್ತಿ ಒಣಗಿಸುವುದು ಬೇಡ. ಗೊಬ್ಬರದೊಳಗಿನ ಸೂಕ್ಷ್ಮಜೀವಿಗಳಿಗೆ ಅದು ಒಳ್ಳೆಯದಲ್ಲ, ಒಮ್ಮೆ ಪೂರಾ ಒಣಗಿದ ಗೊಬ್ಬರ ಆಮೇಲೆ ನೀರನ್ನೂ ಸುಲಭಕ್ಕೆ ಹೀರುವುದಿಲ್ಲ. ಮಣ್ಣನ್ನು ಮಾತ್ರ ಧಾರಾಳವಾಗಿ ಬಿಸಿಲಿಗೆ ಹಾಕಬಹುದು.

ಇನ್ನೊಂದು ಮಾತು. ಹದ ಸರಿ ಇದ್ದೂ ಜರಡಿಯ ಮೇಲೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿಯುತ್ತಿದ್ದರೆ ಗೊಬ್ಬರ ಇನ್ನೂ ಕಳಿತಿಲ್ಲ. ಅಡಿಕೆ ಸಿಪ್ಪೆ, ಸೋಗೆಯ ದಂಟು ಹಾಕಿದ ಗುಂಡಿಗಳಲ್ಲಿ ಹೀಗಾಗುವುದು ಸಾಮಾನ್ಯ, ಅವು ಬೇಗ ಕೊಳೆಯುವ ಜಾತಿಯಲ್ಲ. ಅಂಥದ್ದನ್ನು ಬಲವಂತವಾಗಿ ಉಜ್ಜಿ ಇಳಿಸಬೇಡಿ. ಅರೆಕೊಳೆತ ಗೊಬ್ಬರ ಚೀಲದೊಳಗೆ ಮತ್ತೆ ಕೊಳೆಯಲು ಶುರುಮಾಡಿ, ಸಸಿಗೆ ಸಿಗಬೇಕಾದ ಸಾರಜನಕವನ್ನು ತಾನೇ ಎಳೆದುಕೊಳ್ಳುತ್ತೆ. ಸಸಿ ಹಳದಿಯಾದ ಮೇಲೆ ಯೂರಿಯಾ ಹುಡುಕುವ ಬದಲು ಈಗಲೇ ಅದನ್ನು ಗುಂಡಿಗೆ ವಾಪಸ್ ಹಾಕುವುದು ಜಾಣತನ.

ಈಗ ಕಣ್ಣಿನ ಅಳತೆಗೆ ಬರೋಣ. ನುಣ್ಣಗಾದಷ್ಟೂ ಒಳ್ಳೆಯದು ಅಂತ ಬಹಳ ಜನ ತಿಳಿದಿರುತ್ತಾರೆ. ಚೀಲದ ಮಣ್ಣಿಗೆ ಅದು ಖಂಡಿತ ಸರಿಯಲ್ಲ. ನಿಮ್ಮ ಕಡೆಯದು ಜಂಬಿಟ್ಟಿಗೆ ಮಣ್ಣು. ಅದನ್ನು ಹಿಟ್ಟಿನ ಹಾಗೆ ಸಾಣಿಸಿ ಚೀಲಕ್ಕೆ ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಇಳಿದು ಗಟ್ಟಿಯಾಗುತ್ತೆ. ಮೇಲೆ ಹೆಪ್ಪು ಕಟ್ಟುತ್ತೆ, ನೀರು ನಿಲ್ಲುತ್ತೆ, ಬೇರಿಗೆ ಗಾಳಿ ಸಿಗುವುದಿಲ್ಲ. ಕಾಳುಮೆಣಸಿಗಂತೂ ನಿಂತ ನೀರು ಅಂದರೆ ಸೊರಗು ರೋಗಕ್ಕೆ ಕರೆ ಕೊಟ್ಟ ಹಾಗೆ. ಕಡಲೆಕಾಳಿನಷ್ಟು ನೊರಜುಕಲ್ಲು ಅಲ್ಲಲ್ಲಿ ಇದ್ದರೆ ಮಣ್ಣು ಉಸಿರಾಡುತ್ತೆ. ಜರಡಿಯ ಕೆಲಸ ದೊಡ್ಡದನ್ನು ತೆಗೆಯುವುದು ಅಷ್ಟೇ: ಕಲ್ಲು, ಬೇರು, ಹೆಂಟೆ, ಕಡ್ಡಿ, ಪ್ಲಾಸ್ಟಿಕ್, ಹುಳ.

ಹಾಗಾಗಿ ಅಡಿಕೆ ಮತ್ತು ಮೆಣಸಿನ ಚೀಲಕ್ಕೆ ಮಣ್ಣನ್ನು ಅರ್ಧ ಇಂಚು ಅಂದರೆ 12 ಮಿ.ಮೀ. ಕಣ್ಣಿನಲ್ಲಿ ಇಳಿಸಿ. ಗೊಬ್ಬರಕ್ಕೆ ಕಾಲು ಇಂಚು, 6 ಮಿ.ಮೀ. ಸಾಕು. ತರಕಾರಿ ಬೀಜ ಹಾಕುವ ಟ್ರೇಗೆ ಮಾತ್ರ 3ರಿಂದ 4 ಮಿ.ಮೀ. ಬೇಕಾಗುತ್ತೆ, ಯಾಕೆಂದರೆ ಬದನೆ, ಮೆಣಸಿನಕಾಯಿಯಂಥ ಸಣ್ಣ ಬೀಜದ ಮೊಳಕೆಗೆ ಒಂದು ಕಡ್ಡಿಯೂ ಅಡ್ಡಿಯೇ. ನಿಮಗೆ ಈಗ ಅದು ಬೇಡ. ಮನೆಯಲ್ಲಿ ಒಂದೇ ಜರಡಿ ಇರಲಿ ಅನ್ನುವವರಿಗೆ ನಾನು 8 ಮಿ.ಮೀ. ಹತ್ತಿರದ್ದನ್ನು ಹೇಳುತ್ತೇನೆ, ಕುಂಡಕ್ಕೂ ಆಯಿತು, ಚೀಲಕ್ಕೂ ಆಯಿತು.

ಮೆಶ್ ತರುವಾಗ ಅಂಗಡಿಯಲ್ಲಿ ಗೊಂದಲ ಆಗುತ್ತೆ. ಮೂರು ಬೇರೆ ಬೇರೆ ಅಳತೆಗಳನ್ನು ಒಟ್ಟಿಗೆ ಮಾತಾಡುತ್ತಾರೆ. 'ನಾಲ್ಕು ಮೆಶ್' ಅಂದರೆ ಒಂದು ಇಂಚಿಗೆ ನಾಲ್ಕು ಕಣ್ಣು ಅಂತ. ಕಾಲು ಇಂಚು ಅಂದುಕೊಳ್ಳುತ್ತೀರಿ, ಆದರೆ ತಂತಿಯ ದಪ್ಪ ಕಳೆದರೆ ನಿಜವಾದ ತೂತು 5 ಮಿ.ಮೀ. ಆಸುಪಾಸು. 'ಗೇಜ್' ಅನ್ನುವುದು ತಂತಿಯ ದಪ್ಪ. ಅದರಲ್ಲಿ ನಂಬರ್ ಹೆಚ್ಚಿದಷ್ಟೂ ತಂತಿ ತೆಳ್ಳಗೆ. 16 ಗೇಜ್ 1.6 ಮಿ.ಮೀ. ಇದ್ದರೆ 20 ಗೇಜ್ 0.9 ಮಿ.ಮೀ. ಮಾತ್ರ. ಇನ್ನು 'ಅರ್ಧ ಇಂಚಿನ ವೆಲ್ಡ್ ಮೆಶ್' ಅಂದರೆ ತಂತಿಯ ನಡುವಿನಿಂದ ನಡುವಿಗೆ ಅರ್ಧ ಇಂಚು, ತೂತು ಅದಕ್ಕಿಂತ ಸಣ್ಣದು. ಒಂದು ಸ್ಕೇಲ್ ಜೇಬಿನಲ್ಲಿಟ್ಟುಕೊಂಡು ಹೋಗಿ. ತೂತಿನ ಒಳಅಂಚಿನಿಂದ ಒಳಅಂಚಿಗೆ ಅಳೆದು ನೋಡಿ, ಆಮೇಲೆ ಕತ್ತರಿಸಲು ಹೇಳಿ.

ಕೋಳಿ ಜಾಲರಿ ಅಗ್ಗ ಅಂತ ತರಬೇಡಿ. ಅದರ ಆರು ಮೂಲೆಯ ಕಣ್ಣು ಹೆಣೆದದ್ದೇ ಹೊರತು ಬೆಸೆದದ್ದಲ್ಲ. ನಾಲ್ಕು ಬುಟ್ಟಿ ಮಣ್ಣು ಬಿದ್ದರೆ ಜೋತು ಬಿದ್ದು ಕಣ್ಣೆಲ್ಲ ಸೊಟ್ಟಗಾಗುತ್ತೆ. ಪ್ಲಾಸ್ಟಿಕ್ ಜಾಲರಿಯೂ ಅಷ್ಟೇ, ಕಲ್ಲಿಗೆ ತಾಳುವುದಿಲ್ಲ. ಸತುವಿನ ಲೇಪ ಇರುವ ವೆಲ್ಡ್ ಮೆಶ್ ತನ್ನಿ. ಅಥವಾ ಗಾರೆಯವರ ಜರಡಿಗೆ ಹಾಕುವಂಥ, ತಂತಿಯನ್ನು ಬಳುಕಿಸಿ ಹೆಣೆದ ದಪ್ಪ ಜಾಲರಿ ಸಿಕ್ಕರೆ ಇನ್ನೂ ಒಳ್ಳೆಯದು.

ಜರಡಿ ಕಟ್ಟುವುದು ಹೇಗೆ ಅಂತ ಹೇಳುತ್ತೇನೆ. ಒಳ ಅಳತೆ 3 ಅಡಿ ಉದ್ದ, 2 ಅಡಿ ಅಗಲ ಇರಲಿ. ಇದಕ್ಕಿಂತ ದೊಡ್ಡದು ಮಾಡುವ ಆಸೆ ಬೇಡ. ಇಷ್ಟು ಜಾಗದಲ್ಲಿ ಎರಡು ಇಂಚು ದಪ್ಪ ಮಣ್ಣು ಹರಡಿದರೇ 28 ಲೀಟರ್ ಆಗುತ್ತೆ, ಮೂವತ್ತು ಕಿಲೋ ಮುಟ್ಟುತ್ತೆ. ಅದನ್ನು ದಿನವಿಡೀ ಅಲ್ಲಾಡಿಸುವುದು ನಿಮ್ಮ ತೋಳು ಅನ್ನುವುದು ನೆನಪಿರಲಿ. ಒಂದು ಇಂಚು ದಪ್ಪ, ನಾಲ್ಕು ಇಂಚು ಎತ್ತರದ ಹಲಗೆ ಮೂರು ಕಡೆಗೆ ಸಾಕು: ಎರಡು ಉದ್ದದ ಬದಿ, ಒಂದು ಹಿಂಬದಿ. ಮುಂದಿನ ಅಗಲದ ಬದಿಯನ್ನು ತೆರೆದಿಟ್ಟು, ಬೇಕಾದಾಗ ಮೇಲಿನಿಂದ ಇಳಿಸುವ ಒಂದು ಹಲಗೆ ಚೂರು ಮಾಡಿಕೊಳ್ಳಿ. ಮೇಲೆ ಉಳಿದ ಕಲ್ಲು ಕಡ್ಡಿ ಸುರಿಯಲು ಇಡೀ ಜರಡಿಯನ್ನು ಮಗುಚುವ ಪಾಡು ತಪ್ಪುತ್ತೆ. ಮರ ಯಾವುದಾದರೂ ನಡೆಯುತ್ತೆ. ಸಿಲ್ವರ್ ಓಕ್, ಅಕೇಶಿಯಾ, ಮನೆ ಕಟ್ಟುವಾಗ ಉಳಿದ ಹಲಗೆ, ಏನಿದೆಯೋ ಅದು. ಮೂಲೆಗಳಿಗೆ ಮೊಳೆ ಮಾತ್ರ ನಂಬಬೇಡಿ, ಅಲ್ಲಾಡಿ ಅಲ್ಲಾಡಿ ಸಡಿಲವಾಗುತ್ತೆ. ಸ್ಕ್ರೂ ಹಾಕಿ, ಮೂಲೆಗೊಂದು ಕಬ್ಬಿಣದ ಎಲ್ ಪಟ್ಟಿ ಕೊಡಿ. ಹಳೆಯ ಕಬ್ಬಿಣದ ಮಂಚದ ಚೌಕಟ್ಟು ಗುಜರಿಯಲ್ಲಿ ಸಿಕ್ಕರೆ ಅದನ್ನೇ ಕತ್ತರಿಸಿ ಬೆಸೆಸಬಹುದು. ಆದರೆ ಭಾರ ಜಾಸ್ತಿ.

ಮೆಶ್ಶನ್ನು ಚೌಕಟ್ಟಿಗಿಂತ ಎಲ್ಲ ಕಡೆ ಒಂದೊಂದು ಇಂಚು ದೊಡ್ಡದಾಗಿ ಕತ್ತರಿಸಿ. ಚೌಕಟ್ಟಿನ ತಳಕ್ಕೆ ಬಿಗಿಯಾಗಿ ಎಳೆದು ಹಾಸಿ, ಮೇಲೆ ಒಂದು ರೀಪು ಇಟ್ಟು ಸ್ಕ್ರೂ ಹೊಡೆಯಿರಿ. ಎರಡು ಮರದ ನಡುವೆ ಮೆಶ್ ಸಿಕ್ಕಿಹಾಕಿಕೊಳ್ಳಬೇಕು. ಬರೀ ಯು ಮೊಳೆಯ ಮೇಲೆ ಬಿಟ್ಟರೆ ಒಂದೊಂದೇ ಕಿತ್ತು ಬರುತ್ತೆ. ಹೊರಚಾಚಿದ ತುದಿಗಳನ್ನು ರೀಪಿನ ಮೇಲಕ್ಕೆ ಮಡಚಿ ಬಡಿಯಿರಿ, ಒಂದು ತಂತಿಯೂ ಹೊರಗೆ ಇಣುಕಬಾರದು. ನಡುವೆ ಜೋತು ಬೀಳದ ಹಾಗೆ ತಳದಲ್ಲಿ ಅಡ್ಡಕ್ಕೆ ಎರಡು ಕಡೆ 6 ಮಿ.ಮೀ. ಕಬ್ಬಿಣದ ಸರಳು ಕೊಡಿ. 6 ಮಿ.ಮೀ. ಕಣ್ಣಿನ ತೆಳು ಮೆಶ್ ಆದರೆ ಅದರ ಕೆಳಗೆ ಒಂದು ಇಂಚು ಕಣ್ಣಿನ ದಪ್ಪ ವೆಲ್ಡ್ ಮೆಶ್ ಹಾಸಿಬಿಡಿ. ಭಾರವನ್ನು ದಪ್ಪದ್ದು ಹೊರುತ್ತೆ, ಸಾಣಿಸುವುದನ್ನು ತೆಳ್ಳನೆಯದು ನೋಡಿಕೊಳ್ಳುತ್ತೆ. ನಿಮಗೆ ಎರಡು ಕಣ್ಣು ಬೇಕಲ್ಲ, ಚೌಕಟ್ಟು 12 ಮಿ.ಮೀ. ಮೆಶ್ಶಿನದ್ದೇ ಇರಲಿ. 6 ಮಿ.ಮೀ. ಮೆಶ್ಶನ್ನು ತೆಳು ರೀಪಿನ ಇನ್ನೊಂದು ಚೌಕಟ್ಟಿಗೆ ಹೊಡೆದು, ಗೊಬ್ಬರ ಸಾಣಿಸುವಾಗ ಒಳಗೆ ಇಳಿಸಿ ಕೊಕ್ಕೆ ಹಾಕಿ.

ನಾಲ್ಕು ಮೂಲೆಗೆ ಕೊಂಡಿ ಬೋಲ್ಟ್ ಹಾಕಿ, ಮೂರು ಅಡಿ ಉದ್ದದ ನಾಲ್ಕು ಹಗ್ಗ ಅಥವಾ ಸರಪಳಿಯಲ್ಲಿ ತೊಲೆಯಿಂದ ನೇತುಹಾಕಿ. ಹಗ್ಗಗಳು ನೇರವಾಗಿ ಕೆಳಗಿಳಿಯಲಿ, ಒಂದೇ ಬಿಂದುವಿಗೆ ಕಟ್ಟಿದರೆ ಜರಡಿ ಸುತ್ತ ತಿರುಗಲು ಶುರುಮಾಡುತ್ತೆ. ಸೊಂಟದ ಎತ್ತರಕ್ಕಿಂತ ಕೊಂಚ ಕೆಳಗೆ ನಿಲ್ಲಲಿ, ಬೆನ್ನು ಬಗ್ಗಬಾರದು. ಬಾಯಿ ಇರುವ ಮುಂಭಾಗ ಎರಡು ಇಂಚು ತಗ್ಗಿರಲಿ. ಹಿಂಬದಿಗೆ ಎರಡು ಹಿಡಿ. ಕೆಳಗೆ ಟಾರ್ಪಾಲು, ಇಲ್ಲದಿದ್ದರೆ ಒಂಟಿ ಚಕ್ರದ ಗಾಡಿ.

ಇಲ್ಲಿ ಒಂದು ಉಪಾಯ ಇದೆ, ದಯವಿಟ್ಟು ಬಿಡಬೇಡಿ. ಜರಡಿ ಮುಂದಕ್ಕೆ ತೂಗಿದಾಗ ತಾಗುವ ಹಾಗೆ ಒಂದು ಗೂಟ ನೆಡಿ. ಅದಕ್ಕೆ ಹಳೆಯ ಟೈರಿನ ತುಂಡು ಸುತ್ತಿ. ಪ್ರತಿ ಸಲ ಜರಡಿ ಅದಕ್ಕೆ 'ಧಡ್' ಅಂತ ತಾಗಿದಾಗ ಕಣ್ಣಿಗೆ ಸಿಕ್ಕಿಕೊಂಡ ಕಡ್ಡಿ ಕಲ್ಲು ಎದ್ದು ಬರುತ್ತೆ. ಉದ್ದುದ್ದಕ್ಕೆ ಉಯ್ಯಾಲೆಯಂತೆ ತೂಗಿದರೆ ಮಣ್ಣೂ ಜರಡಿಯ ಜೊತೆಗೇ ಹೋಗಿ ಬರುತ್ತೆ, ಕೆಳಗೆ ಬೀಳುವುದಿಲ್ಲ. ಗೇಣುದ್ದದ ಗಿಡ್ಡ ಎಳೆತ, ಬೇಗ ಬೇಗ, ಕೊನೆಗೊಂದು ಪೆಟ್ಟು. ಒಂದು ಸಲಕ್ಕೆ ಅರ್ಧ ಬುಟ್ಟಿ ಹಾಕಿ. ಪೂರ್ತಿ ತುಂಬಿದರೆ ಮೇಲಿನ ಮಣ್ಣು ಕೆಳಗಿನದ್ದನ್ನು ಒತ್ತಿ ಹಿಡಿಯುತ್ತೆ ಅಷ್ಟೇ. ಕೈಯಿಂದ ಉಜ್ಜಬೇಡಿ, ಕಣ್ಣು ಕಟ್ಟಿದರೆ ತಳದಿಂದ ತೆಂಗಿನ ಪೊರಕೆಯಲ್ಲಿ ಹೊಡೆಯಿರಿ.

ನಿಮ್ಮ ಬಳಿ ಇರುವ ಮರಳು ಜರಡಿಯನ್ನು ಎಸೆಯಬೇಡಿ. ಮಣ್ಣಿನ ಮೊದಲ ಸುತ್ತಿಗೆ ಅದೇ ಸಾಕು. ಅದನ್ನು ಓರೆಯಾಗಿ ನಿಲ್ಲಿಸುತ್ತೀರಲ್ಲ, ಆಗ ಮೇಲಿನಿಂದ ಬೀಳುವ ಮಣ್ಣಿಗೆ ಕಣ್ಣು ಇರುವುದಕ್ಕಿಂತ ಸಣ್ಣದಾಗಿ ಸಿಗುತ್ತೆ. 12 ಮಿ.ಮೀ. ಕಣ್ಣು 45 ಡಿಗ್ರಿ ಓರೆಯಲ್ಲಿ ಸುಮಾರು 8.5 ಮಿ.ಮೀ. ಕಣ್ಣಿನಂತೆ ಕೆಲಸ ಮಾಡುತ್ತೆ. ಜಾಸ್ತಿ ಕಲ್ಲು ಕೆಳಗೆ ಬರುತ್ತಿದ್ದರೆ ಇನ್ನೂ ಕಡಿದಾಗಿ ನಿಲ್ಲಿಸಿ, ಒಳ್ಳೆಯ ಮಣ್ಣು ಮುಂದಕ್ಕೆ ಉರುಳಿ ಹೋಗುತ್ತಿದ್ದರೆ ಕೊಂಚ ಮಲಗಿಸಿ. ಒಂದು ಜರಡಿಯಲ್ಲೇ ಅಳತೆ ಬದಲಿಸುವ ದಾರಿ ಇದು. ಸಲಿಕೆಯಿಂದ ಜಾಲರಿಯ ಮೇಲ್ಭಾಗಕ್ಕೆ ತೆಳ್ಳಗೆ ಎರಚಬೇಕು, ನಡುವಿಗೆ ಗುಡ್ಡೆ ಎಸೆಯಬಾರದು.

ಗೊಬ್ಬರ ಸಾಣಿಸುವಾಗ ಜರಡಿಯ ಮೇಲೆ ಉಳಿದದ್ದನ್ನು ಸುರಿಯುವ ಮೊದಲು ಒಮ್ಮೆ ಕಣ್ಣಾಡಿಸಿ. ಬೆರಳು ದಪ್ಪದ, ಬೆಳ್ಳಗಿನ, ಕಂದು ತಲೆಯ ಗೊಣ್ಣೆಹುಳ ಮುದುರಿಕೊಂಡು ಬಿದ್ದಿರುತ್ತೆ. ಮೈ ತುಂಬ ಸಣ್ಣ ಸುಕ್ಕು, ಹಿಂಭಾಗದ ತೆಳು ಚರ್ಮದೊಳಗೆ ಕಪ್ಪಗೆ ಗೊಬ್ಬರ ಕಾಣುತ್ತೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಟ್ಟು ಬೆಳೆಯುವುದು ಗೊಬ್ಬರಗುಂಡಿಯಲ್ಲೇ. ತೆಂಗಿನ ಮರದಲ್ಲಿ ಆ ದುಂಬಿ ಹಿಡಿಯಲು ಎಷ್ಟು ಕಷ್ಟಪಡುತ್ತೀರಿ, ಇಲ್ಲಿ ಅದರ ಮರಿ ತಾನಾಗಿ ಜಾಲರಿ ಮೇಲೆ ಬಂದು ಕೂತಿದೆ. ಬಿಡದೆ ಆರಿಸಿ ಕೋಳಿಗೆ ಹಾಕಿ. ಗುಂಡಿಯಲ್ಲಿ ತುಂಬಾ ಇದ್ದರೆ ಈ ಹುಳಕ್ಕೆ ರೋಗ ತಂದು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರವನ್ನು ಗೊಬ್ಬರಕ್ಕೆ ಬೆರೆಸುವ ಬಗ್ಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಜರಡಿ ಹಿಡಿಯುವುದರ ದೊಡ್ಡ ಲಾಭ ನನ್ನ ಪ್ರಕಾರ ಇದೇ, ಗುಂಡಿಯೊಳಗೆ ಏನಿದೆ ಅಂತ ಕಣ್ಣಾರೆ ಗೊತ್ತಾಗುತ್ತೆ.

ಇನ್ನೂ ಕೆಲವು ಸಿಗುತ್ತವೆ. ಹಾಲಿನ ಪ್ಯಾಕೆಟ್ಟಿನ ಮೂಲೆ, ಗುಟ್ಕಾ ಚೀಟಿ, ತಂತಿ ಚೂರು, ದನಕ್ಕೆ ಚುಚ್ಚಿದ ಇಂಜೆಕ್ಷನ್ ಸೂಜಿ. ಅದಕ್ಕೇ ದಪ್ಪ ಕೈಗವಸು ಇಲ್ಲದೆ ಗೊಬ್ಬರಕ್ಕೆ ಕೈ ಹಾಕಬೇಡಿ. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣು ಸಗಣಿಯಲ್ಲಿ. ತಂತಿ ಗೀರಿದರೆ 'ಸಣ್ಣ ಗಾಯ' ಅಂತ ಬಿಡದೆ ಧನುರ್ವಾಯು ತಡೆಯುವ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಇರಲಿ. ಗೊಬ್ಬರದ ಧೂಳಿನಲ್ಲಿ ಬೂಷ್ಟಿನ ಬೀಜಕಣ ತುಂಬಿರುತ್ತೆ. ದಮ್ಮು, ಉಬ್ಬಸ ಇರುವವರು ಈ ಕೆಲಸಕ್ಕೆ ನಿಲ್ಲಲೇಬಾರದು.

ಎರೆಗೊಬ್ಬರಕ್ಕೆ ಬೇರೆ ಕ್ರಮ. ಹುಳುಗಳಿರುವಾಗಲೇ ಜರಡಿ ಆಡಿಸಿದರೆ ಅವಕ್ಕೆ ಗಾಯವಾಗುತ್ತೆ. ನಾಲ್ಕೈದು ದಿನ ಮೊದಲೇ ತೊಟ್ಟಿಗೆ ನೀರು ಹಾಕುವುದು ನಿಲ್ಲಿಸಿ. ಆಮೇಲೆ ಗೊಬ್ಬರ ತೆಗೆದು ಬೆಳಕಿರುವ ಕಡೆ ಗೋಪುರದಂತೆ ರಾಶಿ ಹಾಕಿ. ಬೆಳಕು ತಡೆಯದೆ ಹುಳುಗಳು ತಳಕ್ಕೆ ಇಳಿಯುತ್ತವೆ. ಮೇಲಿನಿಂದ ಪದರ ಪದರವಾಗಿ ತೆಗೆದು ಸಾಣಿಸಿ, ತಳದ ಹುಳುವಿನ ಗುಂಪನ್ನು ತೊಟ್ಟಿಗೆ ವಾಪಸ್ ಬಿಡಿ. ಮೊಟ್ಟೆಗಳು ಪುಟ್ಟ ನಿಂಬೆಹಣ್ಣಿನ ಆಕಾರದಲ್ಲಿರುತ್ತವೆ, 6 ಮಿ.ಮೀ. ಕಣ್ಣಿನಲ್ಲಿ ಅವೂ ಇಳಿದುಬಿಡುತ್ತವೆ. ಚಿಂತೆ ಬೇಡ, ತೊಟ್ಟಿಯಲ್ಲಿ ಸಾಕಷ್ಟು ಉಳಿದಿರುತ್ತವೆ.

ಈಗ ಡ್ರಮ್ಮಿನ ಮಾತು. ನಿಮಗೆ ಬೇಡ ಅಂದೆ ನಿಜ. ಆದರೆ ನಾಲ್ಕಾರು ಮನೆಯವರು ಸೇರಿ ಮಾಡಿಕೊಳ್ಳುವುದಾದರೆ, ಅಥವಾ ನರ್ಸರಿ ನಡೆಸುವ ಯೋಚನೆ ಇದ್ದರೆ, ಅದರಷ್ಟು ಚೆಂದದ ಯಂತ್ರ ಇಲ್ಲ. ಗುಜರಿ ಅಂಗಡಿಯಲ್ಲಿ ಹಳೆಯ ಸೈಕಲ್ ರಿಮ್ ಮೂರು ತನ್ನಿ, ಮೂರೂ ಒಂದೇ ಅಳತೆಯವು, ಕಡ್ಡಿ ಬಿಚ್ಚಿದವು. ನಾಲ್ಕು ಅಡಿ ಉದ್ದದ ನಾಲ್ಕು ಕಬ್ಬಿಣದ ಪಟ್ಟಿಗಳಿಗೆ ಎರಡು ತುದಿಗೆ, ನಡುವಿಗೆ ಒಂದೊಂದು ರಿಮ್ ಬೋಲ್ಟ್ ಮಾಡಿ. ಮೆಶ್ಶನ್ನು ರಿಮ್ಮಿನ ಒಳಗಡೆ ಸುರುಳಿಯಾಗಿ ಕೂರಿಸಿ, ಕಡ್ಡಿ ಹಾಕುವ ತೂತುಗಳ ಮೂಲಕವೇ ಕಟ್ಟು ತಂತಿಯಲ್ಲಿ ಬಿಗಿಯಿರಿ. ಆಗ ರಿಮ್ಮಿನ ಹೊರಗಿನ ಕಾಲುವೆ ಖಾಲಿ ಉಳಿಯುತ್ತೆ. ಆಂಗಲ್ ಸ್ಟ್ಯಾಂಡಿನ ಮೇಲೆ ನಾಲ್ಕು ಚಿಕ್ಕ ಗಾಲಿ ಹಾಕಿ, ಎರಡು ತುದಿಯ ರಿಮ್ಮಿನ ಕಾಲುವೆಯಲ್ಲಿ ಅವು ಕೂರಬೇಕು. ತಿರುಗಿ ಹೊರಳುವ ಗಾಲಿ ಬೇಡ, ಒಂದೇ ದಿಕ್ಕಿಗೆ ಓಡುವವು ಬೇಕು. ಡ್ರಮ್ ಅದರ ಮೇಲೆ ಉರುಳುತ್ತೆ, ಓರೆಯಾಗಿದ್ದರೂ ಕೆಳಗೆ ಜಾರುವುದಿಲ್ಲ. ಒಳಗೆ ಅಚ್ಚು ಇಲ್ಲವಾದ್ದರಿಂದ ಬೇರು ನಾರು ಸುತ್ತಿಕೊಳ್ಳುವ ಕಾಟವೂ ಇಲ್ಲ. ನಾಲ್ಕು ಅಡಿಗೆ ಮೂರು ಇಂಚು ಇಳಿಜಾರು ಕೊಡಿ. ಮೊದಲರ್ಧಕ್ಕೆ 6 ಮಿ.ಮೀ., ಮುಂದಿನರ್ಧಕ್ಕೆ 12 ಮಿ.ಮೀ. ಮೆಶ್ ಹಾಕಿದರೆ ಒಂದೇ ಓಟದಲ್ಲಿ ಎರಡು ಬಗೆ ಬೇರೆಯಾಗುತ್ತೆ.

ಇದರ ಗುಟ್ಟು ವೇಗದಲ್ಲಿದೆ. ಡ್ರಮ್ ಜೋರಾಗಿ ತಿರುಗಿದರೆ ಮಣ್ಣು ಗೋಡೆಗೆ ಅಂಟಿಕೊಂಡು ಅದರ ಜೊತೆಗೇ ಸುತ್ತುತ್ತೆ, ಬೀಳುವುದೇ ಇಲ್ಲ. ಆ ಮಿತಿಯ ಲೆಕ್ಕ ಸುಲಭ: ವ್ಯಾಸವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲದಿಂದ 42.3 ಅನ್ನು ಭಾಗಿಸಿ. 60 ಸೆಂ.ಮೀ. ಡ್ರಮ್ಮಿಗೆ ನಿಮಿಷಕ್ಕೆ ಸುಮಾರು 55 ಸುತ್ತು ಬರುತ್ತೆ. ಒಳ್ಳೆಯ ಜರಡಿಗೆ ಅದರ ಅರ್ಧಕ್ಕಿಂತ ಕಡಿಮೆ ಬೇಕು, 20ರಿಂದ 25 ಸುತ್ತು. ಮೂರು ಸೆಕೆಂಡಿಗೆ ಒಂದು ಸುತ್ತು ಅಂದರೆ ಕೈಯಿಂದಲೇ ಆಗುತ್ತೆ. ಮಣ್ಣು ಗೋಡೆ ಹತ್ತಿ, ಅರ್ಧ ಎತ್ತರದಿಂದ ಮಗುಚಿ ಬೀಳುತ್ತಿರಬೇಕು. ಹೆಂಟೆ ಒಡೆಯುವುದು ಆ ಬೀಳುವಿಕೆಯಿಂದಲೇ.

ಮೋಟರ್ ಹಾಕಿದವರು ಎಡವುವುದು ಇಲ್ಲೇ. 1,440 ಸುತ್ತಿನ ಮೋಟರಿಗೆ 2 ಇಂಚು ಪುಲ್ಲಿ ಹಾಕಿ, ಬೆಲ್ಟನ್ನು ನೇರ ನಡುವಿನ 25 ಇಂಚಿನ ರಿಮ್ಮಿಗೆ ಕೊಟ್ಟರೆ ಡ್ರಮ್ 115 ಸುತ್ತು ತಿರುಗುತ್ತೆ. ಅದು ಜರಡಿಯಲ್ಲ, ಬಟ್ಟೆ ಹಿಂಡುವ ಮೆಷೀನು. ನಡುವೆ ಒಂದು ಶಾಫ್ಟ್ ಕೊಡಿ. ಮೋಟರಿನ 2 ಇಂಚಿನಿಂದ ಶಾಫ್ಟಿನ 10 ಇಂಚು ಪುಲ್ಲಿಗೆ ಬಂದಾಗ 288 ಸುತ್ತು. ಶಾಫ್ಟಿನ ಇನ್ನೊಂದು ತುದಿಯ 2 ಇಂಚಿನಿಂದ 25 ಇಂಚಿನ ರಿಮ್ಮಿಗೆ ಕೊಟ್ಟರೆ 23 ಸುತ್ತು. ಸರಿಯಾಗಿ ಕೂತಿತು. ಅರ್ಧ ಎಚ್‌ಪಿ ಮೋಟರ್ ಧಾರಾಳ ಸಾಕು. ಬೆಲ್ಟಿಗೆ ತಗಡಿನ ಮುಚ್ಚಳ, ಮೋಟರಿಗೆ ಅರ್ಥಿಂಗ್, ಲೈನಿಗೆ ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಒಂದು ಇಎಲ್‌ಸಿಬಿ ಸ್ವಿಚ್. ಈ ಮೂರು ಆಗುವವರೆಗೆ ಸ್ವಿಚ್ ಹಾಕಬೇಡಿ. ಸೀರೆ ಸೆರಗು, ಪಂಚೆ, ಟವಲ್ ಅದರ ಹತ್ತಿರ ಸುಳಿಯಬಾರದು.

ಇನ್ನು ಮಿಶ್ರಣ. ಅಡಿಕೆ ಸಸಿಗೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಹೇಳುವುದು ಮೇಲ್ಮಣ್ಣು 7, ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರ 3, ಮರಳು 2. ಕಾಳುಮೆಣಸಿಗೆ ಮಣ್ಣು 2, ಮರಳು 1, ಗೊಬ್ಬರ 1. ನಿಮ್ಮ ಅಡಿಕೆಯ 800 ಲೀಟರಿಗೆ ಮಣ್ಣು ಸುಮಾರು 470, ಗೊಬ್ಬರ 200, ಮರಳು 130 ಲೀಟರ್ ಬೇಕು. ಸಾಣಿಸಿದ ಮೇಲಿನ ಅಳತೆ ಇದು. ಕಲ್ಲು, ಕಡ್ಡಿ ಹೋಗುವುದನ್ನು ಲೆಕ್ಕ ಹಿಡಿದು ಮಣ್ಣು ಗೊಬ್ಬರ ಎರಡನ್ನೂ ಕಾಲುಪಾಲು ಜಾಸ್ತಿ ತೆಗೆದಿಡಿ. ಎಂ-ಸ್ಯಾಂಡ್ ಹಾಕುವುದಾದರೆ ತೊಳೆದು ಹಾಕಿ, ಅದರ ಕಲ್ಲುಹಿಟ್ಟು ಚೀಲದಲ್ಲಿ ಸಿಮೆಂಟಿನ ಹಾಗೆ ಕೂರುತ್ತೆ.

ಜರಡಿ ಮೇಲೆ ಉಳಿದ ಕಡ್ಡಿ ಕಸವನ್ನು ಹೊಸ ಗುಂಡಿಯ ಪದರಗಳ ನಡುವೆ ಉದುರಿಸಿ. ಕೊಳೆಸುವ ಜೀವಿಗಳು ಅದರಲ್ಲಿ ತುಂಬಿರುವುದರಿಂದ ಹೊಸ ಗುಂಡಿ ಬೇಗ ಕಾವೇರುತ್ತೆ. ಕಲ್ಲನ್ನು ತೋಟದ ದಾರಿಗೆ ಹಾಕಿ. ಸಾಣಿಸಿದ ಗೊಬ್ಬರವನ್ನು ಗೋಣಿಚೀಲದಲ್ಲಿ, ನೆಲಕ್ಕೆ ತಾಗದ ಹಾಗೆ ದಬ್ಬೆಯ ಮೇಲೆ, ಮಳೆ ಎರಚಲು ಬಡಿಯದ ಕಡೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡಬೇಡಿ. ಬೇರಿನ ರೋಗ ತಡೆಯುವ ಟ್ರೈಕೋಡರ್ಮ ಶಿಲೀಂಧ್ರ ಬೆರೆಸುವ ಯೋಚನೆ ಇದ್ದರೆ ಸಾಣಿಸಿದ ಮೇಲೆಯೇ ಬೆರೆಸಿ. ಅದು ಬೆಳೆಯಲು ತೇವ ಬೇಕು, ಜರಡಿಗೆ ಒಣಗಿಸುವ ಮೊದಲು ಹಾಕಿದರೆ ದಂಡ. ಚೀಲ ತುಂಬಲು ಎರಡು ವಾರ ಇದೆ ಅನ್ನುವಾಗ ಪ್ಯಾಕೆಟ್ ಮೇಲೆ ಬರೆದಷ್ಟನ್ನು ಗೊಬ್ಬರಕ್ಕೆ ಕಲಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ ನೆರಳಿನಲ್ಲಿ ಬಿಡಿ. ಆಮೇಲೆ ಮಣ್ಣು ಮರಳಿನ ಜೊತೆ ಸೇರಿಸಿ ಚೀಲಕ್ಕೆ ತುಂಬಿ.